ಅಕ್ಕ ಹೂವು ಮುಡಿಸಿದ ವಿಮಾನ

ನಮ್ಮ ಕಚೇರಿಯಲ್ಲೊಬ್ಬರಿಗೆ ನಿವೃತ್ತಿ. ಅವರ ಹೆಸರನ್ನು ಥರ್ಮಾಕೋಲ್‌ನಲ್ಲಿ ಕೊಯ್ಸಿಕೊಂಡು ಬರುವ ಕೆಲಸ ನನ್ನ ಪಾಲಿಗೆ ಬಿದ್ದು, ಮೊನ್ನೆ ಯಳಂದೂರಿನಿಂದ ಬಸ್ಸು ಹತ್ತಿ ಕೊಳ್ಳೇಗಾಲದ ಅಲಂಕಾರದ ಅಂಗಡಿಯೊಂದರಲ್ಲಿ ಕೂತಿದ್ದೆ. ಅಂಗಡಿಯವನು ಕಾದ ತಂತಿಯಿಂದ ಅಕ್ಷರ ಬಿಡಿಸುತ್ತಿದ್ದ. ಥರ್ಮಾಕೋಲ್ ಕರಗುವ ವಾಸನೆ ನಿಮಗೂ ಗೊತ್ತಿರಬಹುದು. ಬೇರೆಯವರಿಗೆ ಅದರಿಂದ ಕೆಮ್ಮು ಬರುತ್ತದೆ, ನನಗೆ ಮಧುವನಹಳ್ಳಿಯ ಭಾವ ನೆನಪಾಗುತ್ತಾರೆ.

ಭಾವ ಎಂದರೆ ನಮ್ಮಕ್ಕನ ಗಂಡ. ಊರಿಗೆ ನೀರು ಬಿಡುವ ಪಂಪ್‌ಹೌಸಿನಲ್ಲಿದ್ದು ನಿವೃತ್ತರಾದವರು. ನಿವೃತ್ತರಾದವರು ಅರಳಿಕಟ್ಟೆ ಹಿಡಿಯುತ್ತಾರೆ, ಇಲ್ಲವೇ ಮನೆಯವರ ತಲೆ ತಿನ್ನುತ್ತಾರೆ. ಭಾವ ಮೊಬೈಲಿನಲ್ಲಿ ಏನನ್ನೋ ನೋಡಿ ಥರ್ಮಾಕೋಲಿನ ವಿಮಾನ ಮಾಡಲು ಕೂತರು. ಮೂತಿಯಲ್ಲಿ ರೆಕ್ಕೆ ತಿರುಗುವ ವಿಮಾನವಲ್ಲ. ಜೆಟ್ಟಿನ ಹಾಗೆ ಹೊಟ್ಟೆಯೊಳಗೊಂದು ಕೊಳವೆ, ಕೊಳವೆಯೊಳಗೊಂದು ಪುಟ್ಟ ಫ್ಯಾನು, ಅದಕ್ಕೊಂದು ಬ್ಯಾಟರಿ, ಹಾರಿಸುವವರ ಕೈಗೊಂದು ರಿಮೋಟು.

“ಪಂಪ್ ನೀರೆಳ್ದಂಗೆ ಇದು ಗಾಳಿ ಎಳೀತದೆ ಕಣ್ಲಾ. ಮುಂದ್ಗಡೆ ಕುಡ್ದು ಇಂದ್ಗಡೆ ಉಗೀತದೆ, ಅಷ್ಟೇಯ” ಎಂದು ನನಗೆ ತಿಳಿಸಿಕೊಟ್ಟರು. ಫ್ಯಾನು, ಮೋಟಾರು ಕೊರಿಯರಿನಲ್ಲಿ ಬಂದವು. ಜೊತೆಗಿದ್ದ ಇಂಗ್ಲಿಷ್ ಚೀಟಿಯನ್ನು ಓದಿ ಹೇಳುವ ಹೊಣೆ ನನ್ನದಾಯಿತು. ನಾನು ಓದಿದ ಪ್ರಕಾರ ಜೋಡಿಸಿದಾಗ ಅದು ಹಿಂದಿನಿಂದ ಕುಡಿದು ಮುಂದಕ್ಕೆ ಉಗಿಯಿತು. ಆಮೇಲೆ ಭಾವ ನನ್ನನ್ನು ಉಪ್ಪುಕಾಗದ ತಿಕ್ಕುವುದಕ್ಕೆ ಮಾತ್ರ ಇಟ್ಟುಕೊಂಡರು.

ಅಕ್ಕನಿಗೆ ಈ ವಿಮಾನವನ್ನು ಕಂಡರಾಗುತ್ತಿರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಅವಳು ರೇಷ್ಮೆಹುಳು ಸಾಕುತ್ತಾಳೆ. ಹುಳು ಬಲು ನಾಜೂಕಿನ ಪ್ರಾಣಿ, ಸುಟ್ಟ ವಾಸನೆ ಬಡಿದರೆ ಸೊಪ್ಪು ಮುಟ್ಟುವುದಿಲ್ಲ. ಅವಳ ಹುಳುಮನೆಯ ಹತ್ತಿರ ಊದುಬತ್ತಿ ಹಚ್ಚುವಂತಿಲ್ಲ, ನಾನು ಪೌಡರ್ ಹಾಕಿಕೊಂಡು ಹೋಗುವಂತಿಲ್ಲ. ಅಂಥಲ್ಲಿ ಭಾವ ಕಾದ ತಂತಿ ಹಿಡಿದರು. ಹುಳುಗಳು ಪೊರೆ ಕಳಚುವ ನಾಲ್ಕನೇ ಜ್ವರ ಎದ್ದು, ಹಗಲೂ ರಾತ್ರಿ ಸೊಪ್ಪು ಮೇಯುವ ಕಾಲ ಬೇರೆ.

“ಉಳ ಸತ್ತೋದ್ರೆ ನಿಮ್ ಇಮಾನ ಬಂದು ಗೂಡು ಕಟ್ಟದಾ? ನಾನಂತೂ ಅದರ ಮಕ ನೋಡಕಿಲ್ಲ” ಎಂದಳು ಅಕ್ಕ. ಭಾವ ಸಾಮಾನು ಎತ್ತಿಕೊಂಡು ತೋಟದ ಮೋಟಾರು ಮನೆಗೆ ಹೋದರು. ವಿಮಾನ ಮುಗಿಯಿತು, ಹಾರಿತು, ಊರವರೆಲ್ಲ ನೋಡಿದರು. ಅಕ್ಕ ನೋಡಲಿಲ್ಲ. ಯಾರು ಎಷ್ಟು ಹೊಗಳಿದರೂ ಭಾವನಿಗೆ ಸಪ್ಪೆ. “ನಿಮ್ಮಕ್ಕ ಒಂದ್ಸಲ ನೋಡ್ಬುಡ್ಲಿ” ಎನ್ನುತ್ತಿದ್ದರು. ಅವಳೆದುರು ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಆ ಸಲ ಗೂಡಿಗೆ ಒಳ್ಳೆ ಧಾರಣೆ ಸಿಕ್ಕಿ ಅಕ್ಕ ನಗುನಗುತ್ತಾ ಇದ್ದಳು. ನಾವು ಮೂವರೂ ಸತ್ತೇಗಾಲದ ನೆಂಟರ ಮನೆಗೆ ಹೊರಟಾಗ ಅವಳೇ, “ನಿಮ್ಮದೂ ಎತ್ಕಳಿ, ಅಲ್ಲಿ ಗದ್ದೆ ಬಯಲು ಖಾಲಿ ಅದೆಯಂತೆ” ಎಂದಳು. ಭಾವ ದಾರಿಯುದ್ದಕ್ಕೂ ವಿಮಾನವನ್ನು ತೊಡೆಯ ಮೇಲಿಟ್ಟುಕೊಂಡಿದ್ದರು.

ಭತ್ತ ಕೊಯ್ದ ಗದ್ದೆಯಲ್ಲಿ ನಿಂತಾಗ ಅಕ್ಕ ಚೀಲದಿಂದ ತಟ್ಟೆ ತೆಗೆದಳು. ವಿಭೂತಿ, ಕುಂಕುಮ, ನಿಂಬೆಹಣ್ಣು, ಒಂದು ಮೊಳ ಕನಕಾಂಬರ.

“ಪೂಜೆ ಇಲ್ದೆ ಯಾರಾರ ವಸ ಗಾಡಿ ಓಡುಸ್ತಾರಾ?”

ಮೂತಿಗೆ ಮೂರು ಪಟ್ಟೆ ವಿಭೂತಿ ಬಳಿದಳು. ನಿಂಬೆಹಣ್ಣು ಇಡಲು ಚಕ್ರ ಹುಡುಕಿದಳು. ಅದು ಕೈಯಿಂದ ಎಸೆಯುವ ವಿಮಾನ, ಚಕ್ರವೇ ಇಲ್ಲ. “ಎಸಿಯವ್ನು ನೀನೇ ಅಲ್ವಾ, ನೀನೇ ತುಳಿ” ಎಂದು ಹಣ್ಣನ್ನು ನನ್ನ ಕಾಲಡಿ ಇಟ್ಟಳು. ತುಳಿದೆ. ಕೊನೆಗೆ ಕನಕಾಂಬರದ ದಂಡೆಯನ್ನು ಎಲ್ಲಿ ಮುಡಿಸಲಿ ಎಂದು ನೋಡಿ, ವಿಮಾನದ ಬಾಯಿಗೇ ಸಿಕ್ಕಿಸಿದಳು. ಫ್ಯಾನು ಗಾಳಿ ಕುಡಿಯುವ ಬಾಯಿ.

ಆ ಬಾಯಿಯ ಹತ್ತಿರ ಭಾವ ಒಂದು ಹುಲ್ಲೆಸಳನ್ನೂ ಬಿಟ್ಟವರಲ್ಲ. ನಾನು ಹೇಳಲು ಹೊರಟೆ. ಭಾವ ಕಣ್ಣಲ್ಲೇ ತಡೆದರು. “ಎಸಿಲಾ” ಎಂದರು.

ಎಸೆದೆ. ಕುಯ್ಯೆಂದು ಮೇಲೆದ್ದ ವಿಮಾನ ಒಂದು ಗಳಿಗೆಯಲ್ಲಿ ಹೂವು ನುಂಗಿ ಬಾಲದಿಂದ ಕೇಸರಿ ಬಣ್ಣದ ಎಸಳುಗಳನ್ನು ಗದ್ದೆಯ ತುಂಬ ಉಗುಳಿತು. ಹೂವು ಕಟ್ಟಿದ ದಾರ ಫ್ಯಾನಿಗೆ ಸುತ್ತಿಕೊಂಡಿತು. ಸದ್ದು ನಿಂತು, ಕೂಳೆಯ ಮೇಲೆ ಮೂತಿ ಮುರಿದುಕೊಂಡು ಬಿತ್ತು. ಭಾವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಅಕ್ಕ ಮಾತ್ರ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. “ಊವ ಚೆಲ್ಕಂಡು ಓಯ್ತಲ್ಲಾ! ಇಂಗೆ ಚೆಲ್ತದೆ ಅಂತ ನಂಗೆ ಯಾರೂ ಯೋಳ್ನೇ ಇಲ್ಲ. ಮುಗೀತಾ, ಇಷ್ಟೇಯಾ?”

“ಇಷ್ಟೇ ಕಣಮ್ಮಿ” ಎಂದರು ಭಾವ.

ಆದರೆ ಭಾವನ ಮನಸ್ಸು ತಡೆಯಲಿಲ್ಲ. ಹೊಸ ಫ್ಯಾನು ತರಿಸಿ, ಮೂತಿ ಅಂಟಿಸಿ, ಮುಂದಿನ ಬೆಳೆಯ ಗೂಡು ಇಳಿದ ಮೇಲೆ ಅಕ್ಕನನ್ನು ಅದೇ ಬಯಲಿಗೆ ಕರೆತಂದರು. ಈ ಸಲ ಹೂವನ್ನು ತಾವೇ ಇಸಿದುಕೊಂಡು ಬಾಲಕ್ಕೆ ಟೇಪು ಹಾಕಿ ಅಂಟಿಸಿದರು. ವಿಮಾನ ಎದ್ದಿತು. ಕಬ್ಬಿನ ಗದ್ದೆಯ ಮೇಲೆ ಸುತ್ತಿತು, ತೆಂಗಿನ ಸಾಲು ದಾಟಿ ತಿರುಗಿತು, ಕರೆದಂತೆ ಬಂದು ಕಾಲ ಬಳಿ ಇಳಿಯಿತು. ಅಷ್ಟು ಚೆನ್ನಾಗಿ ಅದು ಹಿಂದೆ ಎಂದೂ ಹಾರಿರಲಿಲ್ಲ. ಭಾವ ಅಕ್ಕನ ಕಡೆ ತಿರುಗಿದರು.

“ಓದ್ಸಲದಷ್ಟು ಚೆಂದಾಗಿಲ್ಲ” ಎಂದಳು ಅಕ್ಕ.

ಭಾವ ಬದುವಿನ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಏಕೆಂದು ತಿಳಿಯದೆ ಅಕ್ಕನೂ ಪಕ್ಕದಲ್ಲಿ ಕೂತು ನಕ್ಕಳು. ಅವರಿಬ್ಬರೂ ಹಾಗೆ ಒಟ್ಟಿಗೆ ಕೂತು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಸುಳ್ಳೇಕೆ, ನನಗೆ ಹೊಟ್ಟೆಕಿಚ್ಚಾಯಿತು.

ಅಂಗಡಿಯವನು ಅಕ್ಷರಗಳನ್ನು ಪೇಪರಿನಲ್ಲಿ ಸುತ್ತಿ ಕೊಟ್ಟ. ಒಂದು ದಪ್ಪನೆಯ ಥರ್ಮಾಕೋಲ್ ಹಾಳೆಯನ್ನೂ ಕೊಡು ಎಂದೆ.

“ಇದ್ಯಾತುಕ್ಕೆ ಸಾ?”

“ಇಮಾನ ಮಾಡಕ್ಕೆ. ನಮ್ಮ ಭಾವುಂಗೆ.”

“ಆರ್ತದಾ?”

“ಆರ್ತದೆ ಕಣಪ್ಪ” ಎಂದೆ, “ಆದ್ರೆ ನಮ್ಮಕ್ಕುಂಗೆ ಅಷ್ಟು ಸಾಲ್ದು.”