ಬಿಲ್ಲೆಗೆ ಹಚ್ಚಿದ ಕುಂಕುಮ

ನನ್ನ ಗಂಡನಿಗೆ ಸಣ್ಣದೊಂದು ಸ್ಟ್ರೋಕ್ ಆಗಿ ಎಡಗಡೆಯ ನೋಟದಲ್ಲಿ ಒಂದು ಚೂರು ಹೋಯಿತು. ಕೈಕಾಲಿಗೆ ಏನೂ ಆಗಲಿಲ್ಲ, ಮಾತಿಗಂತೂ ಏನೇನೂ ಆಗಲಿಲ್ಲ. ಡಾಕ್ಟರು ಹೇಳಿದ್ದು ಒಂದೇ, ಇನ್ನು ಕಾರು ಓಡಿಸುವ ಹಾಗಿಲ್ಲ. ನಾವಿರುವ ಈ ಡರ್ಹಮ್ಮಿನಲ್ಲಿ ಅದು ಎಂಥ ಮಾತು ಎಂದು ಇಲ್ಲಿದ್ದವರಿಗೇ ಗೊತ್ತು. ನಮ್ಮ ಮನೆಯಿಂದ ಹಾಲು ತರುವುದಕ್ಕೂ ಕಾರು ಬೇಕು. ಮೂವತ್ತು ವರ್ಷ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಲೇನ್ ಬದಲಾಯಿಸುವುದು ಹೇಗೆಂದು ಪಾಠ ಹೇಳಿದ ಮನುಷ್ಯ ಈಗ ತಾವೇ ಪಕ್ಕದ ಸೀಟಿಗೆ ಬಂದರು. ಪಾಠ ಮಾತ್ರ ನಿಲ್ಲಲಿಲ್ಲ.

"ನಾನೇನು ಲಗೇಜಾ? ಡ್ರಾಪ್ ಮಾಡೋದು, ಪಿಕಪ್ ಮಾಡೋದು..." ಎಂದು ಒಂದು ದಿನ ಲೈಬ್ರರಿ ಮುಂದೆ ರೇಗಿದರು.

"ಲಗೇಜ್ ಆಗಿದ್ರೆ ಬಾಯಿ ಮುಚ್ಕೊಂಡಿರೋದು ರೀ," ಎಂದೆ. ನಾನೂ ಕಡಿಮೆಯವಳಲ್ಲ.

ಸೈಕಲ್ಲಿನ ಯೋಚನೆ ಅವರದೇ. ಡಾಕ್ಟರನ್ನು ನನ್ನೆದುರೇ ಕೇಳಿ ಒಪ್ಪಿಸಿದರು. ಕಾರುಗಳಿಲ್ಲದ ಕಡೆ, ನಿಧಾನವಾಗಿ, ಆಗಬಹುದು ಎಂದರು ಆತ. ಅಂಥ ಹಾದಿ ನಮ್ಮ ಬಡಾವಣೆಯ ಬೆನ್ನಿಗೇ ಇತ್ತು. ಹಿಂದೆ ರೈಲು ಓಡುತ್ತಿದ್ದ ಜಾಗ. ಹಳಿ ಕಿತ್ತು, ಸಣ್ಣ ಜಲ್ಲಿ ಹಾಸಿ ಗಟ್ಟಿ ಮಾಡಿದ್ದಾರೆ. ಎರಡೂ ಬದಿಗೆ ಪೈನ್ ಮರ, ನೆಲದ ಮೇಲೆ ಅದರ ಸೂಜಿಯಂಥ ಎಲೆ. ರೈಲಿಗೆಂದು ಮಾಡಿದ ದಾರಿಯಾದ್ದರಿಂದ ಮೈಲಿಗಟ್ಟಲೆ ಸಪಾಟು. ಇಷ್ಟು ವರ್ಷ ಇಲ್ಲಿದ್ದರೂ, ಕೋವಿಡ್ ಬಂದು ಎಲ್ಲರೂ ಮನೆಯಲ್ಲಿ ಕೂತಾಗಲೇ ನಾವು ಮೊದಲ ಸಲ ಅತ್ತ ಕಾಲಿಟ್ಟಿದ್ದು.

ಅದಾದ ಎರಡನೇ ವರ್ಷ ಗ್ರ್ಯಾವೆಲ್ ಬೈಕ್ ಎನ್ನುವ ಸೈಕಲ್ಲು ಬಂತು. ಜಲ್ಲಿಯ ಮೇಲೆ ಜಾರದಂಥ ದಪ್ಪ ಟೈರು, ಕುರಿಯ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್ಲು. ನನ್ನ ಷರತ್ತು ಎರಡು. ಹೆಲ್ಮೆಟ್ ಇಲ್ಲದೆ ಹೊರಡುವಂತಿಲ್ಲ. ಹಾದಿಯ ನಡುವೆ ಒಂದೇ ಕಡೆ, ಹಳೆಯ ಸೇತುವೆ ತೆಗೆದಿರುವಲ್ಲಿ, ಇಳಿಜಾರು ಬಂದು ಕಾರಿನ ರಸ್ತೆಯೊಂದು ಅಡ್ಡ ಸಿಗುತ್ತದೆ. ಅಲ್ಲಿ ಸೈಕಲ್ಲಿನಿಂದ ಇಳಿದು, ತಲೆ ಪೂರ್ತಿ ಎಡಕ್ಕೆ ತಿರುಗಿಸಿ ನೋಡಿ, ತಳ್ಳಿಕೊಂಡು ದಾಟಬೇಕು. ದೂರದ ಅಲ್ಫರೆಟಾ ಊರಿನಲ್ಲಿರುವ ಮಗಳು ಮೂರನೆಯದನ್ನು ಸೇರಿಸಿದಳು. "ಅಪ್ಪ, ಒಂದ್ಸಲ ಬಿದ್ರೂ ನೋ ಮೋರ್ ಬೈಕ್. ಪ್ರಾಮಿಸ್?" ಅವರು ಪ್ರಾಮಿಸ್ ಮಾಡಿದರು.

ನಾಲ್ಕು ತಿಂಗಳು ಬೆಳಿಗ್ಗೆ ಹೋಗಿ ಬರುತ್ತಿದ್ದರು. ಹಿಂದಿರುಗುವವರೆಗೆ ನಾನು ಅಡಿಗೆಮನೆಯ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ. ಬಂದವರು ಮಾತ್ರ ಬೇರೆಯದೇ ಮನುಷ್ಯ. ಜಿಂಕೆ ಕಂಡೆ, ಆಮೆ ದಾಟ್ತಿತ್ತು, ಯಾರೋ ಮುದುಕ ನನ್ನನ್ನ ಓವರ್‌ಟೇಕ್ ಮಾಡಿದ, ನಾಳೆ ನೋಡ್ಕೋತೀನಿ ಅವನನ್ನ! ಬಟ್ಟೆಯ ಮೇಲೆ ಕೆಂಪು ಧೂಳು, ಮುಖದ ತುಂಬ ಖುಷಿ. ನನಗೂ ಖುಷಿಯಾಗುತ್ತಿತ್ತು. ಭಯ ಮಾತ್ರ ಕಡಿಮೆಯಾಗಲಿಲ್ಲ.

ಆಮೇಲೆ ಆಯುಧಪೂಜೆ ಬಂತು. ಅಕ್ಟೋಬರಿನಲ್ಲಿ ಇಲ್ಲಿನ ಅಂಗಡಿಗಳ ಮುಂದೆ ಸೇವಂತಿಗೆ ಕುಂಡಗಳನ್ನು ರಾಶಿ ಹಾಕಿರುತ್ತಾರೆ, ಆ ಹಬ್ಬಕ್ಕೆ ಹೂವಿನ ಬರವಿಲ್ಲ. ಪ್ರತಿವರ್ಷ ಎರಡು ಕಾರು, ಲ್ಯಾಪ್‌ಟಾಪು, ನನ್ನ ಹೊಲಿಗೆ ಮಿಷನ್ನು ಇಷ್ಟಕ್ಕೆ ಪೂಜೆ. ಆ ವರ್ಷ ಸೈಕಲ್ಲಿಗೇ ಅಗ್ರಪೂಜೆ. ಡ್ರೈವ್‌ವೇಯಲ್ಲಿ ನಿಲ್ಲಿಸಿ ತೊಳೆದೆ, ಒರೆಸಿದೆ, ಹ್ಯಾಂಡಲ್ಲಿಗೆ ಹೂ ಕಟ್ಟಿದೆ, ಚಕ್ರದಡಿ ನಿಂಬೆಹಣ್ಣಿಟ್ಟು ಹಿಸುಕಿಸಿದೆ. ಕುಂಕುಮವನ್ನು ನೀರಿನಲ್ಲಿ ಕಲಸಿದರೆ ಒಣಗಿ ಉದುರುತ್ತದೆಂದು, ಗಟ್ಟಿಯಾಗಿ ಕೂರಲಿ ಎಂದು, ಕೊಬ್ಬರಿ ಎಣ್ಣೆಯಲ್ಲಿ ಕಲಸಿದೆ. ಎಲ್ಲಿ ಹಚ್ಚುವುದು? ಎರಡೂ ಚಕ್ರಗಳ ನಡುಮಧ್ಯದಲ್ಲಿ ತೂತು ತೂತಿನ ಒಂದೊಂದು ಉಕ್ಕಿನ ಬಿಲ್ಲೆ ಇತ್ತು. ಇಡೀ ಸೈಕಲ್ಲಿನಲ್ಲಿ ಕನ್ನಡಿಯಂತೆ ಹೊಳೆಯುವುದು ಅದೊಂದೇ. ಕಾಪಾಡು ತಾಯಿ ಎಂದು ಹೇಳಿಕೊಳ್ಳುತ್ತಾ ಎರಡಕ್ಕೂ, ಎರಡೂ ಮೈಗೆ, ಮೂರು ಮೂರು ಬೊಟ್ಟಿಟ್ಟೆ.

ನನಗೆ ಗೊತ್ತಿದ್ದುದು ಮೈಸೂರಿನ ಸೈಕಲ್ಲು. ಅದರ ಬ್ರೇಕು ರಬ್ಬರಿನದು, ಚಕ್ರದ ಅಂಚನ್ನು ಹಿಡಿಯುತ್ತಿತ್ತು. ಹೊಸ ಸೈಕಲ್ಲುಗಳಲ್ಲಿ ಬ್ರೇಕು ಹಿಡಿಯುವುದು ಆ ಬಿಲ್ಲೆಯನ್ನೇ ಎಂದು ಯಾರು ಕಂಡಿದ್ದರು? ಅದೂ ನಾನು, ಬೆರಳಿನ ಜಿಡ್ಡು ತಾಗಿದರೂ ಸ್ಯಾಂಪಲ್ ಹಾಳು ಎಂದು ಕೆಲಸ ಮಾಡುತ್ತಿದ್ದ ಲ್ಯಾಬಿನಲ್ಲಿ ಎಷ್ಟೋ ಹುಡುಗರಿಗೆ ಬೈದವಳು.

ಮರುದಿನ ವಿಜಯದಶಮಿ. ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದಾಗ ಫೋನ್ ಬಂತು, ಯಾರೋ ಹೆಂಗಸು, ಅವರದೇ ಫೋನಿನಿಂದ. ನಿಮ್ಮ ಗಂಡ ಬಿದ್ದಿದ್ದಾರೆ, ಮಾತಾಡುತ್ತಿದ್ದಾರೆ, ಗಾಬರಿಯಾಗಬೇಡಿ. ಹೇಗೆ ಹೋದೆನೋ ಗೊತ್ತಿಲ್ಲ. ಇಳಿಜಾರಿನಲ್ಲಿ ಬಂದ ಸೈಕಲ್ಲು ನಿಲ್ಲದೆ, ಕಾರಿನ ರಸ್ತೆಯನ್ನು ಸೀದಾ ದಾಟಿ, ಆಚೆಯ ಚರಂಡಿಗೆ ಬಿದ್ದಿತ್ತು. ಆ ಹೊತ್ತಿಗೆ ಕಾರು ಬರಲಿಲ್ಲ, ಅಷ್ಟೇ. ಮೊಣಕೈ ತರಚಿತ್ತು, ಮಣಿಕಟ್ಟು ಊದಿತ್ತು. ಅವರು ಹುಲ್ಲಿನ ಮೇಲೆ ಕೂತು ತಮ್ಮ ಎಡಗೈಯನ್ನು ಕಣ್ಣಿನ ಬದಿಗೆ ಹಿಡಿದು, ಕಾಣುತ್ತದೆಯೇ ಎಂದು ನೋಡುತ್ತಿದ್ದರು.

"ಬ್ರೇಕ್ ಹಾಕ್ದೆ ಕಣೇ. ಲೇಟಾಗಿ ಹಾಕಿರ್ಬೇಕು. ರಸ್ತೆ ಕಂಡಿದ್ದೇ ಲೇಟು," ಎಂದರು. ಕಾರಿನಲ್ಲಿ ಕೂತ ಮೇಲೆ, "ಕಣ್ಣು ಕೈಕೊಡ್ತು. ಸಾಕು, ಮಾರ್ಬಿಡು," ಎಂದರು. ಆ ದಿನ ನನ್ನ ಡ್ರೈವಿಂಗಿಗೆ ಒಂದು ಮಾತೂ ಹೇಳಲಿಲ್ಲ.

ಮಗಳಿಗೆ ಅವರೇ ಫೋನ್ ಮಾಡಿ ಬಿದ್ದದ್ದನ್ನು ಒಪ್ಪಿಕೊಂಡರು. ಮಾರುವ ಮುಂಚೆ ಸರಿಮಾಡಿಸೋಣವೆಂದು ನಾನು ಸೈಕಲ್ಲನ್ನು ಅಂಗಡಿಗೆ ಒಯ್ದೆ. ಅಲ್ಲಿ ರಿಪೇರಿ ಮಾಡುವ ಹುಡುಗಿ ಚಕ್ರ ಬಿಚ್ಚಿ, ಬ್ರೇಕಿನ ಎರಡು ಪುಟ್ಟ ಪ್ಯಾಡುಗಳನ್ನು ತೆಗೆದು ಅಂಗೈ ಮೇಲಿಟ್ಟು ತೋರಿಸಿದಳು. ಎಣ್ಣೆ ಕುಡಿದು ಕೆಂಪಗಾಗಿದ್ದವು. ಇದರ ಮೇಲೆ ಎಣ್ಣೆ ಬಿದ್ದರೆ ಬ್ರೇಕು ಅರ್ಧವೂ ಹಿಡಿಯುವುದಿಲ್ಲ, ಓಡಿಸಿದವರು ಬದುಕಿದ್ದೇ ಹೆಚ್ಚು, ಈ ಕೆಂಪು ಏನು, ಎಂದು ಕೇಳಿದಳು.

"ಗೊತ್ತಿಲ್ಲ," ಎಂದೆ.

ಕಾರಿಗೆ ಬಂದು ಕೂತೆ. ನನ್ನ ಕೈಯಾರೆ ಅವರನ್ನು ರಸ್ತೆಗೆ ತಳ್ಳಿದ್ದೆ. ಆದರೆ ಅದರ ಜೊತೆಗೇ ಇನ್ನೊಂದು ಯೋಚನೆ ಬಂದು ಕೂತಿತ್ತು, ಅದನ್ನೂ ಬರೆಯುತ್ತೇನೆ. ಸುಮ್ಮನಿದ್ದುಬಿಟ್ಟರೆ ಅವರು ಇನ್ನು ಸೈಕಲ್ ಹತ್ತುವುದಿಲ್ಲ. ನಾನು ಇನ್ನು ಕಿಟಕಿಯಲ್ಲಿ ನಿಲ್ಲಬೇಕಿಲ್ಲ. ಮನೆಗೆ ಬಂದು, "ಸರಿಮಾಡಿದ್ರು," ಎಂದಷ್ಟೇ ಹೇಳಿದೆ. ಸೈಕಲ್ಲಿನ ಫೋಟೊ ತೆಗೆದು ಆನ್‌ಲೈನಿನಲ್ಲಿ ಹಾಕಿದೆ. ಒಬ್ಬಾತ ದೀಪಾವಳಿಯ ವಾರದ ಶನಿವಾರ ಬಂದು ತೆಗೆದುಕೊಂಡು ಹೋಗುತ್ತೇನೆಂದ.

ನಾನು ಬಯಸಿದ ಹಾಗೇ ಮನೆಯಲ್ಲಿ ಕೂತರು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಮೊದಲು ಮೆಟ್ಟಿಲಿಳಿಯುವಾಗ ಪಕ್ಕದ ಕಂಬಿ ಹಿಡಿಯತೊಡಗಿದರು. ಆಮೇಲೆ ಕಾಫಿ ನನ್ನ ಕೈಯಿಂದಲೇ ಹಾಕಿಸಿಕೊಂಡರು, ಚೆಲ್ಲುತ್ತೇನೆ ಎಂದು. ಮನೆ ಮುಂದಿನ ಮೇಲ್‌ಬಾಕ್ಸಿಗೆ ಹೋಗುವುದನ್ನು ಬಿಟ್ಟರು. ಕಾರಿನಲ್ಲಿ ಲಗೇಜಿನ ಹಾಗೇ ಸುಮ್ಮನೆ ಕೂರುತ್ತಿದ್ದರು. ಬೈಯಿರಿ ಮಾರಾಯರೇ ಎಂದು ನಾನು ಬೇಕೆಂದೇ ಇಂಡಿಕೇಟರ್ ಹಾಕದೆ ಲೇನ್ ಬದಲಾಯಿಸಿದೆ. ಬೈಯಲಿಲ್ಲ. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಮೊದಲಿದ್ದಷ್ಟೇ ಇದೆ, ಹೆಚ್ಚೇನೂ ಆಗಿಲ್ಲ ಎಂದರು. ಇವರು ನಂಬಲಿಲ್ಲ. ಮಿಷನ್ನಿಗೇನು ಗೊತ್ತು, ಬಿದ್ದವನು ನಾನು, ಎಂದರು.

ನರಕ ಚತುರ್ದಶಿಯ ಸಂಜೆ ಬಾಗಿಲ ಮುಂದೆ ಹಣತೆ ಜೋಡಿಸಿದೆ. ದೀಪ ಹಚ್ಚುವುದು ಪ್ರತಿವರ್ಷ ಅವರ ಕೆಲಸ. ಕಡ್ಡಿಪೆಟ್ಟಿಗೆ ಕೊಟ್ಟೆ. ಅವರು ಅದನ್ನು ತಿರುಗಿಸಿ ನನ್ನ ಕೈಗೇ ಇಟ್ಟರು.

"ನೀನೇ ಹಚ್ಚು. ಬತ್ತಿ ಎಲ್ಲಿದೆ ಅಂತ ಸರಿಯಾಗಿ ಕಾಣಲ್ಲ. ಎಲ್ಲಾದ್ರೂ ನಿನ್ನ ಸೀರೆಗೆ ತಾಗಿಸ್ಬಿಟ್ಟೇನು."

ಹಣತೆ ಅವರ ಕಣ್ಣೆದುರಿಗೇ ಇತ್ತು. ಎಡಕ್ಕೂ ಅಲ್ಲ, ದೂರವೂ ಅಲ್ಲ. ನನಗೆ ತಡೆಯಲಾಗಲಿಲ್ಲ, ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. ಕುಂಕುಮ, ಕೊಬ್ಬರಿ ಎಣ್ಣೆ, ಬಿಲ್ಲೆ, ಅಂಗಡಿಯ ಹುಡುಗಿ, ಎಲ್ಲ ಹೇಳಿದೆ. ಬೈಗುಳಕ್ಕೆ ತಯಾರಾಗಿದ್ದೆ.

ಅವರು ತಮ್ಮ ಎಡಗೈಯನ್ನು ನೋಡಿಕೊಂಡರು.

"ಹಾಗಾದ್ರೆ ಕಣ್ಣಲ್ವಾ?"

"ಅಲ್ಲ ರೀ. ಬ್ರೇಕು."

"ನಿಂಗೆ ಯಾವಾಗ ಗೊತ್ತಾಯ್ತು?"

"ಎರಡು ವಾರ ಆಯ್ತು."

ಎಣ್ಣೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಎರಡು ವಾರ," ಎಂದು ಇನ್ನೊಂದು ಸಲ ಹೇಳಿದರು. ನಾನು ಎಂದೂ ಕೇಳಿರದ ದನಿ ಅದು. ಆಮೇಲೆ ನನ್ನ ಕೈಯಿಂದ ಕಡ್ಡಿಪೆಟ್ಟಿಗೆ ತೆಗೆದುಕೊಂಡು ಬಗ್ಗಿದರು. ಬಲಗಡೆಯಿಂದ ಶುರುಮಾಡಿ, ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಕೊನೆಯ ಹಣತೆಯವರೆಗೂ ಒಂದೂ ಬಿಡದೆ ಹಚ್ಚಿದರು. ನನ್ನ ಕಡೆ ನೋಡಲಿಲ್ಲ.

"ಶನಿವಾರ ಬರೋನಿಗೆ ಬರಬೇಡ ಅಂತ ಮೆಸೇಜ್ ಮಾಡು," ಎಂದು ಹೇಳಿ ಒಳಗೆ ಹೋದರು.