ತಂಗಿಯ ಬಂದೂಕಿಗೆ ಹೊಸ ಕುಂದಾ

ನನ್ನ ತಂಗಿ ಗದ್ವಾಲದಿಂದ ಮಕ್ತಲ್‌ಗೆ ಬಸ್ಸಿನಲ್ಲಿ ಬಂದೂಕು ತಂದಳು. ಹಳೆಯ ಸೀರೆಯಲ್ಲಿ ಸುತ್ತಿ, ಕೂಸನ್ನು ಮಲಗಿಸಿಕೊಂಡ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳಂತೆ. ಪಕ್ಕದ ಹೆಂಗಸು ಕೂಸಿನ ಮುಖ ನೋಡೋಣವೆಂದು ಸೀರೆ ಸರಿಸಿದವಳು ಕಬ್ಬಿಣದ ನಳಿಗೆ ಕಂಡು "ಅಮ್ಮೋ!" ಎಂದು ಕಿರುಚಿದ್ದಕ್ಕೆ ಬಸ್ಸೇ ನಿಂತಿತಂತೆ. "ಬಲೂನ್ ಹೊಡಿಯೋ ಬಂದೂಕ್ರೀ ಯವ್ವಾ, ಬರೇ ಗಾಳಿದು" ಎಂದು ಊರೂರಿಗೂ ವಿವರಿಸುತ್ತಾ ಬಂದವಳು ನನ್ನ ಅಂಗಡಿಯ ಮುಂದೆ ಇಳಿದಾಗಲೂ ನಗುತ್ತಿದ್ದಳು. ಗಂಟು ಬಿಚ್ಚಿದ ಮೇಲೆ ಆ ನಗು ನಿಂತಿತು.

ಕುಂದಾ, ಅಂದರೆ ಭುಜಕ್ಕೆ ಆನಿಸಿ ಹಿಡಿಯುವ ಮರದ ಭಾಗ, ಹಿಡಿಯ ಹತ್ತಿರ ಎರಡು ತುಂಡಾಗಿತ್ತು. ಯಾವನೋ ಗಿರಾಕಿ ಅದನ್ನು ನೆಲಕ್ಕೆ ಊರಿ ಸೆಲ್ಫಿ ತೆಗೆಯಲು ಹೋಗಿ ಬಂದೂಕಿನ ಸಮೇತ ಬಿದ್ದನಂತೆ. ಅವನಿಗೇನೂ ಆಗಲಿಲ್ಲ. ಅಗ್ಗದ ಬಂದೂಕು, ಅದಕ್ಕೆ ಹಾಕಿದ್ದು ಇನ್ನೂ ಅಗ್ಗದ ಕಟ್ಟಿಗೆ. ಉಗುರಿನಿಂದ ಒತ್ತಿದರೂ ಗುರುತು ಬೀಳುತ್ತಿತ್ತು. ತಂಗಿ ತಾನೇ ತಂತಿ ಸುತ್ತಿ ಒಂದು ವಾರ ದೂಡಿದ್ದಳು.

"ಅಣ್ಣಾ, ಕೃಷ್ಣಾ ಹೊಳಿಗೆ ನೀರು ಬರಾಕ ಹತ್ಯಾವ," ಎಂದಳು. "ಇನ್ನ ಎಂಟು-ಹತ್ತು ದಿನದಾಗ ಜೂರಾಲಾ ಡ್ಯಾಮಿನ ಗೇಟು ಎತ್ತತಾರ. ಅಷ್ಟರಾಗ ಇದು ತಯಾರಾಗಬೇಕು. ಇಲ್ಲಾಂದ್ರ ನಾ ಪುಣೆ ಬಸ್ ಹತ್ತಬೇಕಾಗತೈತಿ."

ತಂಗಿ ಮತ್ತು ಅವಳ ಗಂಡ ಎಂಟು ವರ್ಷ ಪುಣೆಯಲ್ಲಿ ಕಟ್ಟಡದ ಕೆಲಸ ಮಾಡಿದವರು. ಹೋದ ವರ್ಷ ಯಾರದೋ ಕೈಯಿಂದ ಈ ಬಂದೂಕು, ಬಲೂನಿನ ಹಲಗೆ ಕೊಂಡು ಸಂತೆಗಳಲ್ಲಿ ಇಡುತ್ತಿದ್ದರು. ಗೇಟು ಎತ್ತಿದಾಗ ನೀರು ನೋಡಲು ಗದ್ವಾಲ, ಮಕ್ತಲ್, ನಾರಾಯಣಪೇಟೆಯಿಂದ ಜನ ಬಂದು ಬೀಳುತ್ತಾರೆ. ಕರಿದ ಮೀನು ತಿನ್ನುತ್ತಾರೆ, ಬಲೂನು ಹೊಡೆಯುತ್ತಾರೆ. ಆ ಕೆಲವು ವಾರ ಅಂಗಡಿ ನಡೆದರೆ ಇಲ್ಲೇ ಉಳಿಯುವುದು, ಇಲ್ಲವಾದರೆ ಇಬ್ಬರೂ ಮತ್ತೆ ಪುಣೆಗೆ ಎಂದು ಅಲ್ಲಿಯ ಮೇಸ್ತ್ರಿಗೆ ಮಾತು ಕೊಟ್ಟಿದ್ದರು. ಗಂಡ ಆಗಲೇ ನೀಲಿ ರೆಕ್ಸಿನ್ ಚೀಲ ತುಂಬಿ ಬಾಗಿಲ ಹಿಂದೆ ಇಟ್ಟಿದ್ದನಂತೆ. "ಅಲ್ಲಿ ತಗಡಿನ ಶೆಡ್ಡಿನಾಗ ಮಲಗಿ ಮಲಗಿ ಸಾಕಾಗೈತಿ ಅಣ್ಣಾ. ಆ ಚೀಲ ಕಣ್ಣಿಗೆ ಬೀಳಬಾರದಂತ ಮ್ಯಾಲೆ ಚಾದರ ಹೊಚ್ಚೀನಿ," ಎಂದಳು.

ನಾನು ಬಡಗಿ. ಒಂದು ಕಾಲಕ್ಕೆ ಕುಂಟೆ, ಕೂರಿಗೆ, ತೊಟ್ಟಿಲು ಮಾಡಿದ ಕೈ ಇದು. ಈಗ ಪೇಟೆಯಿಂದ ತಂದ ರೆಡಿಮೇಡ್ ಬಾಗಿಲಿಗೆ ಚಿಲಕ ಕೂರಿಸಿ ಕೊಡುವುದೇ ಕೆಲಸ. ಹಾಗಾಗಿ ಆ ಮುರಿದ ಕುಂದಾ ಕಂಡು ನನಗೆ ದುಃಖವಾಗಲಿಲ್ಲ, ಸುಳ್ಳು ಯಾಕೆ ಹೇಳಲಿ, ಬಾಯಲ್ಲಿ ನೀರೂರಿತು. "ಎಂಟು ದಿನ ಬಿಡು, ಆರು ದಿನದಾಗ ಕೊಡತೀನಿ. ಕಂಪನಿಯವರು ಬಂದು ನೋಡಿ ನಾಚಿಕೊಬೇಕು, ಹಂಗ ಮಾಡತೀನಿ," ಎಂದೆ. ನನ್ನ ಹೆಂಡತಿ ಒಳಗಿನಿಂದಲೇ, "ಶುರು ಆತು ನೋಡ್ರಿ ಬಡಾಯಿ," ಎಂದಳು.

ಮರವೂ ಅವಳ ತವರಿನದೇ. ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ನಮ್ಮ ಮಾವನವರ ಹಳೆ ಮಗ್ಗ ಬಿಚ್ಚಿದಾಗ ಅದರ ಸಾಗುವಾನಿ ತೊಲೆಯ ಒಂದು ತುಂಡು ತಂದು ಅಟ್ಟದ ಮೇಲೆ ಇಟ್ಟಿದ್ದೆ. ಎರಡು ತಲೆಮಾರು ಒಣಗಿದ ಮರ, ಇನ್ನು ಎಲ್ಲಿ ಸೊಟ್ಟಗಾಗಬೇಕು? ಅದನ್ನು ಇಳಿಸಿ, ತಂಗಿಯನ್ನು ನಿಲ್ಲಿಸಿ, ಮೊಣಕೈ ಮಡಚಿನಿಂದ ಬೆರಳ ತನಕ ದಾರ ಹಿಡಿದು ಅಳೆದೆ.

"ಹೊಡಿಯಾವರು ಊರ ಮಂದಿ. ನನ್ನ ಅಳತಿ ಯಾಕ?" ಎಂದಳು.

"ಕುಂಟಿ ಹಿಡಿಕಿ ಮಾಡುವಾಗೂ ಯಾರದರೆ ಒಬ್ಬರ ಕೈ ಅಳೀತೀವಿ. ಮೈ ಇಲ್ಲದ ಅಳತಿ ನನಗ ಬರಂಗಿಲ್ಲ. ಸುಮ್ಮ ನಿಂದ್ರು."

ಬಾಚಿಯಿಂದ ಒರಟು ಆಕಾರ ತೆಗೆಯುವುದು ಒಂದೇ ಬೆಳಗಿನ ಕೆಲಸ. ಮರದೊಳಗೆ ಗುಳಿ ತೋಡಿ ಕಬ್ಬಿಣ ಕೂರಿಸುವುದೇ ಪ್ರಾಣ ತಿನ್ನುವುದು. ಅದಕ್ಕೆ ನಮ್ಮ ಅಪ್ಪ ಕಲಿಸಿದ ಉಪಾಯ ಕಾಡಿಗೆ. ಕಬ್ಬಿಣಕ್ಕೆ ಕಾಡಿಗೆ ಸವರಿ ಗುಳಿಯಲ್ಲಿ ಒತ್ತಿ ತೆಗೆದರೆ ಮರ ಎಲ್ಲಿ ಉಬ್ಬಿದೆಯೋ ಅಲ್ಲಿ ಕಪ್ಪು ಅಂಟುತ್ತದೆ. ಆ ಕಪ್ಪನ್ನಷ್ಟೇ ಉಳಿಯಿಂದ ಕೆರೆಯಬೇಕು. ಮತ್ತೆ ಸವರು, ಮತ್ತೆ ಒತ್ತು, ಮತ್ತೆ ಕೆರೆ. ಮೂರು ದಿನ ಅದೇ. ಕಾಡಿಗೆ ಡಬ್ಬಿ ಕಾಣೆಯಾದದ್ದಕ್ಕೆ ಹುಡುಕುತ್ತಾ ಬಂದ ಹೆಂಡತಿ ನನ್ನ ಮೂಗು, ಗಲ್ಲ, ಕಿವಿ ನೋಡಿ, "ಈ ವಯಸ್ಸಿನಾಗ ಯಾರಿಗೆ ತೋರಸಾಕರಿ ಈ ಶೃಂಗಾರ?" ಎಂದು ಬಾಗಿಲಿಗೆ ಒರಗಿ ನಕ್ಕಳು. ನಾಲ್ಕನೆಯ ದಿನ ಕಬ್ಬಿಣ ಮರದಲ್ಲಿ ಕೂತ ಸದ್ದು, 'ತಪ್' ಎಂದು, ಮೆತ್ತಗೆ, ಕೇಳಿತು. ಅಲುಗಾಡಿಸಿದೆ, ಅಲುಗಲಿಲ್ಲ. ತಿರುಪು ಬಿಗಿಯುವ ಮೊದಲೇ ಅದು ಅಲುಗಲಿಲ್ಲ! ಅಂಗಡಿಯಲ್ಲಿ ಒಬ್ಬನೇ ಇದ್ದೆ, ಒಬ್ಬನೇ ಶಭಾಶ್ ಅಂದುಕೊಂಡೆ.

ಆಮೇಲೆ ಪಾಲಿಶ್ ಪೇಪರ್. ಉಜ್ಜುವುದು, ಒದ್ದೆ ಬಟ್ಟೆಯಿಂದ ಒರೆಸುವುದು, ಒಣಗಿ ಎದ್ದ ಎಳೆಗಳನ್ನು ಮತ್ತೆ ಉಜ್ಜುವುದು. ನನಗೆ ಸಾಕು ಅನಿಸಿದಾಗ ಹೆಂಡತಿ ತವರಿನ ಒಂದು ರೇಷ್ಮೆ ಎಳೆ ತಂದು ಮರದ ಮೇಲೆ ಮೆಲ್ಲಗೆ ಎಳೆದಳು. ನೇಕಾರರು ಲಾಳಿಯ ನುಣುಪು ನೋಡುವುದು ಹೀಗೆಯೇ. ಎಳೆ ಎಲ್ಲಿಯೂ ತಡೆಯಬಾರದು. ಹಿಡಿಯ ತಿರುವಿನಲ್ಲಿ ತಡೆಯಿತು. "ಆಗಿಲ್ಲರಿ," ಎಂದಳು. ಸಿಟ್ಟು ಬಂದರೂ ಉಜ್ಜಿದೆ. ಮರುದಿನ ಮತ್ತೆ ಎಳೆದಳು. "ಇಲ್ಲೊಂದೀಟು." ಮತ್ತೆ ಉಜ್ಜಿದೆ. ಮೂರನೆಯ ಸಲ ಎಳೆ ನೀರಿನ ಹಾಗೆ ಜಾರಿ ಹೋಯಿತು, ಅವಳು ಚಹಾ ತಂದಿಟ್ಟಳು. ಕೊನೆಗೆ ಅಂಗೈಯಿಂದ ಅಗಸೆ ಎಣ್ಣೆ ತಿಕ್ಕಿ ಬಿಸಿಲಿಗೆ ಇಟ್ಟಾಗ ಆ ಮರ ಹೊಳೆದದ್ದು! ದಾರಿಯಲ್ಲಿ ಹೋಗುವವರನ್ನೆಲ್ಲ ಕರೆಕರೆದು ತೋರಿಸಿದೆ.

ಆರು ದಿನ ಎಂದದ್ದು ಒಂಬತ್ತಾಯಿತು. ಗೇಟು ಎತ್ತಿದ ದಿನವೇ ನಾನೇ ಬಂದೂಕು ಒಯ್ದೆ. ಡ್ಯಾಮಿನ ಹತ್ತಿರ ನೀರಿನ ತುಂತುರು, ಮೀನಿನ ವಾಸನೆ, ಎಲ್ಲಿ ನೋಡಿದರೂ ಮಂದಿ. ತಂಗಿ ಕುಂದಾವನ್ನು ಕೆನ್ನೆಗೆ ಒತ್ತಿಕೊಂಡು, "ಎಷ್ಟು ತಣ್ಣಗೈತಿ ಅಣ್ಣಾ," ಎಂದಳು. ಐದಕ್ಕೆ ಐದು ಹೊಡೆದವರಿಗೆ ಒಂದು ಸ್ಟೀಲ್ ಲೋಟ ಬಹುಮಾನ. ಹೋದ ವರ್ಷದಿಂದ ಇವತ್ತಿನವರೆಗೆ ಎರಡೋ ಮೂರೋ ಲೋಟ ಹೋಗಿದ್ದವು. ಒಂದು ಪೆಟ್ಟಿಗೆ ತುಂಬಾ ಹಾಗೇ ಇದ್ದವು.

ಮೊದಲ ಗಿರಾಕಿ ಐದಕ್ಕೆ ಐದು. ನಾನು ಚಪ್ಪಾಳೆ ಹೊಡೆದೆ. ಎರಡನೆಯವನೂ ಐದು. ಮೂರನೆಯವಳು ಕನ್ನಡಕದ ಒಬ್ಬ ಮುದುಕಿ, ಜನ್ಮದಲ್ಲಿ ಬಂದೂಕು ಮುಟ್ಟಿದವಳಲ್ಲ, ಅವಳೂ ಐದು ಒಡೆದು "ಇಂಕಾ ಪೆಟ್ಟು ಬಿಡ್ಡಾ!" ಎಂದು ತೆಲುಗಿನಲ್ಲಿ ಇನ್ನಷ್ಟು ಬಲೂನು ಕೇಳಿದಳು. ಟಪ್, ಟಪ್, ಟಪ್. ತಂಗಿಯ ಗಂಡ ಬಲೂನು ಊದಿ ಊದಿ ಕೆನ್ನೆ ಹಿಡಿದುಕೊಂಡು ಕೂತ. ಹೊತ್ತು ಇಳಿಯುವುದರೊಳಗೆ ಲೋಟದ ಪೆಟ್ಟಿಗೆಯ ತಳ ಕಂಡಿತು. ನಾನು ಇನ್ನೂ ಹಲ್ಲು ಕಿರಿಯುತ್ತಾ ನಿಂತಿದ್ದೆ. ತಂಗಿ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದಳು.

"ಏನ್ ಮಾಡಿದಿ ಅಣ್ಣಾ ನೀ? ಹಳೆ ಕುಂದಾ ಗಡಗಡ ಅಲುಗತಿತ್ತು, ಗುಂಡು ಎತ್ತಾಗೋ ಹೋಗತಿತ್ತು. ಅದರ ಮ್ಯಾಲೆ ನಮ್ಮ ಹೊಟ್ಟಿ ನಡೀತಿತ್ತು! ನಾ ಮಂದಿಗೆ ಹೊಡಿಯಾಕ ಬರಂಗಿಲ್ಲ ಅಂದ್ಕೊಂಡಿದ್ದೆ."

ನನ್ನ ತಲೆಗೆ ಅದು ಹೊಳೆದೇ ಇರಲಿಲ್ಲ. ಬಲೂನಿನ ಬಂದೂಕು ಸ್ವಲ್ಪ ಗುರಿ ತಪ್ಪಿದರೇ ಅಂಗಡಿ ನಡೆಯುವುದು. ಅಲುಗುವುದನ್ನು ಕಂಡರೆ ಬಿಗಿ ಮಾಡದೆ ಬಿಡಲಾಗದ ಬಡಗಿ, ಅದನ್ನು ಪೂರಾ ಬಿಗಿ ಮಾಡಿ ತಂದಿದ್ದೆ.

"ತಿರುಪು ಸಡ್ಲ ಮಾಡು," ಎಂದಳು. ಕಣ್ಣಲ್ಲಿ ನೀರಿತ್ತು. "ನಾಳೆ ಹಿಂಗ ಆದ್ರ ನಾಡಿದ್ದು ನಾ ಪುಣೆ."

ಜೇಬಿನಿಂದ ಸ್ಕ್ರೂ ಡ್ರೈವರ್ ತೆಗೆದೆ. ಸಡಿಲ ಮಾಡಿದರೂ ಸಾಲದು, ಮರವನ್ನೇ ಅಲ್ಲಲ್ಲಿ ಕೆರೆಯಬೇಕು. ಒಂಬತ್ತು ದಿನದ ಕೆಲಸ. ಕೈ ಏಳಲಿಲ್ಲ. ಆದರೂ ಬಂದೂಕು ಮೊಣಕಾಲ ಮೇಲೆ ಇಟ್ಟುಕೊಂಡೆ. ತಂಗಿಗಿಂತ ಕಟ್ಟಿಗೆ ದೊಡ್ಡದೇ?

"ತಡಿ," ಎಂದಳು ಅವಳು. "ಕೆಡಿಸೋಕಿಂತ ಮೊದಲ ಒಮ್ಮೆ ನಾ ಹೊಡೀತೀನಿ. ಈತನಕ ನನ್ನ ಕೈಲಿ ಒಂದೂ ಬಲೂನು ಒಡದಿಲ್ಲ."

ಭುಜಕ್ಕೆ ಇಟ್ಟಳು. ಅವಳದೇ ಅಳತೆಯ ಕುಂದಾ. ಕೆನ್ನೆ ತಾನಾಗಿ ಮರದ ಮೇಲೆ ಬಂದು ಕೂತಿತು. ಟಪ್. ತಿರುಗಿ ನನ್ನ ಮುಖ ನೋಡಿದಳು. ಟಪ್. ಟಪ್. ಐದೂ ಒಡೆದ ಮೇಲೆ ಹುಚ್ಚಿಯ ಹಾಗೆ ನಗತೊಡಗಿದಳು. "ಅಯ್ಯ ಶಿವನೇ, ನನ್ನ ಕಣ್ಣು ಚಲೋ ಅದಾವ!" ಗಂಡ ಊದುತ್ತಿದ್ದ ಬಲೂನು ಬಿಟ್ಟು ಎದ್ದು ನಿಂತ.

ನಗು ನಿಂತ ಮೇಲೆ ಅವಳು ಹಲಗೆ ನೋಡಿದಳು, ಅದರ ಹಿಂದಿನ ಖಾಲಿ ಜಾಗ ನೋಡಿದಳು. ನನ್ನ ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಕಸಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಏ, ಆ ಕಡಿ ಹಿಡಿ," ಎಂದು ಗಂಡನನ್ನು ಕೂಗಿ, ಇಬ್ಬರೂ ಹಲಗೆಯನ್ನು ಹಿಂದಕ್ಕೆ, ಹನ್ನೆರಡು ಹೆಜ್ಜೆ ಎಳೆದರು. ಬಲೂನುಗಳು ನಿಂಬೆಹಣ್ಣಿನಷ್ಟು ಕಂಡವು.

ಮೀನು ತಿಂದು ಲೋಟ ಹಿಡಿದು ತಿರುಗಿ ಬಂದವರೇ ಮೊದಲು ನಿಂತರು. ಈಗ ಐದರಲ್ಲಿ ಎರಡು, ಮೂರು. "ಅಬ್ಬಾ, ಜರಾ ತಪ್ಪಿಂದಿ, ಇಂಕೋಸಾರಿ ಅಕ್ಕಾ!" ಎಂದು, ಸ್ವಲ್ಪದರಲ್ಲೇ ತಪ್ಪಿತೆಂದು ಕೈ ಹಿಸುಕಿಕೊಂಡು, ಮತ್ತೆ ಮತ್ತೆ ಸಾಲಿಗೆ ನಿಂತರು. ಒಬ್ಬರೂ ಬಂದೂಕನ್ನು ಬೈಯಲಿಲ್ಲ; ತಪ್ಪಿದ್ದು ತಮ್ಮ ಕೈಯೇ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಸಾಲು ಮೀನಿನ ಅಂಗಡಿ ತನಕ ಹೋಯಿತು.

ಗೇಟು ಇಳಿಸುವ ದಿನ ಮತ್ತೆ ಹೋದೆ. ತಂಗಿಯ ಗಂಡ ಮೇಸ್ತ್ರಿಗೆ ಆಗಲೇ ಫೋನ್ ಮಾಡಿ ಬರುವುದಿಲ್ಲ ಎಂದಿದ್ದನಂತೆ. ಹಲಗೆಯ ಪಕ್ಕದಲ್ಲಿ ಆ ನೀಲಿ ರೆಕ್ಸಿನ್ ಚೀಲ ಇತ್ತು. ಮನಸ್ಸು ಮತ್ತೆ ಬದಲಾಯಿತೇನೋ ಎಂದು ಹತ್ತಿರ ಹೋದೆ. ತಂಗಿ ಜಿಪ್ ಎಳೆದು ಕೈ ಹಾಕಿ, ಒಂದು ಹಿಡಿ ಕೆಂಪು ಬಲೂನು ತೆಗೆದು ನನ್ನ ಕೈಗೆ ಇಟ್ಟಳು. "ಸುಮ್ಮ ನಿಂತು ಏನ್ ನೋಡ್ತಿ? ಊದು," ಎಂದಳು.