ಮೂರನೆಯ ಏಟು

ನೆರೆಮನೆಯ ಸೋಮಯ್ಯನವರು ಬಿಳಿ ಬಟ್ಟೆ ಉಟ್ಟು, ನಾಲ್ಕಾರು ಜನರನ್ನು ಕಟ್ಟಿಕೊಂಡು ನಮ್ಮ ಅಂಗಳಕ್ಕೆ ಓಡಿಬಂದರು. ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ಅಜ್ಜನನ್ನು ಕಂಡವರೇ ಹಾಗೇ ನಿಂತುಬಿಟ್ಟರು.

"ಅಯ್ಯೋ, ನೀವು ಇದ್ದೀರಾ? ಎರಡು ಗುಂಡು ಕೇಳ್ತಲ್ಲ!"

ನಮ್ಮ ಕೊಡಗಿನಲ್ಲಿ ಒಂದು ಗುಂಡು ಹಾರಿದರೆ ಗಂಡು ಮಗು ಹುಟ್ಟಿದೆ ಎಂದರ್ಥ, ಎರಡು ಹಾರಿದರೆ ಸಾವು. ಆದರೆ ಅಂದು ಗುಂಡೇ ಹಾರಿರಲಿಲ್ಲ. ರೇಡಿಯೋದಲ್ಲಿ ಕೇಳಿದ ಇಂಗ್ಲಿಷ್ ಬ್ಯಾಂಡಿನ ಹಾಡೊಂದನ್ನು ನಾನು ಗಿಟಾರಿನಲ್ಲಿ, ತಮ್ಮ ಬೋಪು ದಪ್ಪ ತಂತಿಯ ಬಾಸ್ ಗಿಟಾರಿನಲ್ಲಿ ಕಲಿಯುತ್ತಿದ್ದೆವು. ಹಾಡು ಶುರುವಾಗುವುದೇ ಬಾಸಿನ ಎರಡು ಏಟಿನಿಂದ. ಬೋಪು ಅದನ್ನು ಗೋಣಿಕೊಪ್ಪಲಿನಿಂದ ತಂದ ಮೈಕ್‌ಸೆಟ್ಟಿಗೆ ಸಿಕ್ಕಿಸಿ, ಹಾರ್ನನ್ನು ತೋಟದ ಕಡೆ ತಿರುಗಿಸಿ ಢಂ ಢಂ ಎಂದು ಬಾರಿಸಿದ್ದ.

ಅಜ್ಜ ಬಂದವರಿಗೆಲ್ಲ ಕಾಫಿ ಕೊಡಿಸಿದರು. ಅತ್ತವರು ಯಾರು, ಅಳದವರು ಯಾರು ಎಂದು ನೋಡಿಕೊಂಡರು. ಆಮೇಲೆ ನಮ್ಮತ್ತ ತಿರುಗಿದರು.

"ಎರಡು ಹೊಡೀಬೇಡಿ, ನಾನಿನ್ನೂ ಇದ್ದೀನಿ. ಒಂದೂ ಬೇಡ, ನಿಮ್ಮಿಬ್ಬರಿಗೂ ಮದುವೆ ಆಗಿಲ್ಲ. ಮೂರು ಹೊಡೀರಿ."

ಈಗ ರೇಡಿಯೋದಲ್ಲಿ ಆ ಹಾಡು ಬಂದಾಗಲೆಲ್ಲ, ಎರಡು ಏಟು ಮುಗಿದ ಕೂಡಲೇ ಜಗಲಿಯಿಂದ ಮೂರನೆಯದು ಕೇಳುತ್ತದೆ. ಅದು ಅಜ್ಜನ ಊರುಗೋಲು.